ಬಂಡೆಚಿತ್ರವನ್ನು ಕೈಕಾಗದಕ್ಕೆ ಇಳಿಸುವ ಬಗೆ

ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ ಗುಡ್ಡದ ಬಂಡೆಗಳ ಮೇಲಿನ ಗೂಳಿಗಳಿಗೆ ಯಾರೂ ಬಣ್ಣ ಬಳಿದಿಲ್ಲ. ಕರಿ ಬಂಡೆಯ ಮೈಯನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿ ಕುಟ್ಟಿ ಜಜ್ಜಿದ್ದಾರೆ. ಹೊರಗಿನ ಕಪ್ಪು ಪೊರೆ ಉದುರಿ ಒಳಗಿನ ತಿಳಿಬಣ್ಣ ಕಂಡಿತಲ್ಲ, ಅದೇ ಗೂಳಿ. ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಪ್ರಾಣಿಗಳು ಹಾಗಲ್ಲ. ಅವನ್ನು ಹೆಚ್ಚಾಗಿ ಕೆಂಪು, ಬಿಳಿ ಮಣ್ಣಿನ ಬಣ್ಣದಲ್ಲಿ ಬರೆದಿದ್ದಾರೆ. ವಯನಾಡಿನ ಎಡಕಲ್ಲಿನದು ಮೂರನೆಯ ಬಗೆ, ಕಲ್ಲನ್ನೇ ಗೀರಿ ಆಳ ಮಾಡಿದ ಗೆರೆಗಳು. ಬಣ್ಣದ ಚಿತ್ರ, ಕುಟ್ಟುಚಿತ್ರ, ಗೀರುಚಿತ್ರ ಎಂದು ಕನ್ನಡದಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಕರೆಯುತ್ತೇವೆ.

ಆದರೆ ಕೈಕಾಗದದ ಕಲಾಕೃತಿ ಎಂದು ಮಾರಾಟಕ್ಕೆ ಬರುವ ಬಹುಪಾಲು ಹಾಳೆಗಳಲ್ಲಿ ಈ ಮೂರೂ ಒಂದೇ ಆಗಿಬಿಟ್ಟಿರುತ್ತವೆ. ಒರಟು ಹಾಳೆ, ಅದರ ಮೇಲೆ ಕಂದು ಇಂಕಿನಲ್ಲಿ ಹೊರಗೆರೆ, ಒಳಗೆ ಕಡ್ಡಿಕಾಲಿನ ಮನುಷ್ಯ. ಅಲ್ಲಿ ಕಾಗದಕ್ಕೆ ಕೆಲಸವೇ ಇಲ್ಲ. ಬಂಡೆಯ ಮೇಲೆ ಗುರುತು ಹೇಗೆ ಬಿತ್ತೋ ಅದಕ್ಕೆ ಹೊಂದುವ ದಾರಿಯಲ್ಲೇ ಕಾಗದದಲ್ಲೂ ಗುರುತು ಬೀಳಬೇಕು. ಕುಟ್ಟಿದ್ದಕ್ಕೆ ಎರಡು ಪದರದ ಹಾಳೆ, ಗೀರಿದ್ದಕ್ಕೆ ಅಚ್ಚಿನಲ್ಲಿ ಒತ್ತಿದ ಹಾಳೆ, ಬಳಿದದ್ದಕ್ಕೆ ಮಣ್ಣು ಬೆರೆತ ತಿರುಳು (ಬೇಯಿಸಿ ಜಜ್ಜಿ ನೀರಿನಲ್ಲಿ ಬಿಡಿಸಿದ ನಾರು). ಇಷ್ಟನ್ನು ಒಪ್ಪಿಕೊಂಡರೆ ನಾರು ಯಾವುದು, ಎಷ್ಟು ಬೇಯಿಸಬೇಕು, ಎಷ್ಟು ಜಜ್ಜಬೇಕು ಎಂಬುದೆಲ್ಲ ಅದರ ಹಿಂದೆಯೇ ಬರುತ್ತದೆ.

ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಈ ಕೆಲಸಕ್ಕೆ ಅನುಕೂಲ ಜಾಸ್ತಿ. ಬಾಳೆ, ಹುಣಸೆ ಬೀಜ, ಕೆಮ್ಮಣ್ಣು ಎಲ್ಲವೂ ಕೈಗೆ ಸಿಗುತ್ತವೆ. ಕಲ್ಲಿಗೂ ಕಾಗದಕ್ಕೂ ಇಲ್ಲಿ ಹಳೆಯ ನಂಟಿದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಶ್ರವಣಬೆಳಗೊಳ ಸಂಪುಟ 1889ರಲ್ಲಿ ಬಂತು, ಆಗಿನ ಕಡೂರು (ಈಗಿನ ಚಿಕ್ಕಮಗಳೂರು) ಜಿಲ್ಲೆಯದು 1901ರಲ್ಲಿ, ಹಾಸನದ್ದು 1902ರಲ್ಲಿ. ಶಾಸನ ಓದುವವರು ಕಲ್ಲಿನಿಂದ ಪಡಿಯಚ್ಚು ತೆಗೆಯುತ್ತಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಆಮೇಲೆ ಮೇಲಿನಿಂದ ಮಸಿ ಒತ್ತಿದರೆ ತಗ್ಗಿನ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದ ಕಲ್ಲಿನ ಮೈಯನ್ನು ಹೊತ್ತು ತರಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗೆಂದು ನೀವು ಹೋಗಿ ಶಾಸನಕ್ಕೋ ವೀರಗಲ್ಲಿಗೋ ಒದ್ದೆ ತಿರುಳು ಮೆತ್ತಬೇಡಿ. ಕಲ್ಲಿನ ಬಿರುಕಿನಲ್ಲಿ ನಾರು, ಅಂಟು ಉಳಿದರೆ ಪಾಚಿಗೆ ಅದೇ ಗೊಬ್ಬರ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಪ್ರಾಚೀನ ಸ್ಮಾರಕ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಕಲ್ಲಿನ ತರಿತರಿ ಬೇಕೆನಿಸಿದರೆ ಮನೆಯ ಹಿತ್ತಲಲ್ಲಿ ಬಿದ್ದಿರುವ ಹಳೇ ಒರಳು, ಬಚ್ಚಲ ಚಪ್ಪಡಿ ಸಾಕು. ಅದರಿಂದ ಎಷ್ಟು ಅಚ್ಚು ತೆಗೆದರೂ ಕೇಳುವವರಿಲ್ಲ.

ಮೊದಲು ನೋಡಬೇಕಾದ್ದು

ಮೂಲಚಿತ್ರದ ಫೋಟೊ ತೆಗೆಯುವುದಾದರೆ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಿರಿ. ನಡುಮಧ್ಯಾಹ್ನದ ಬೆಳಕು ತಗ್ಗನ್ನೆಲ್ಲ ನುಂಗುತ್ತದೆ. ಎದ್ದು ಕಾಣಲಿ ಎಂದು ಬಂಡೆಗೆ ನೀರು ಹೊಯ್ಯುವುದು, ಸೀಮೆಸುಣ್ಣದಲ್ಲಿ ತಿದ್ದುವುದು ಹಿಂದೆ ನಡೆಯುತ್ತಿತ್ತು. ಅದು ಮೂಲಕ್ಕೂ ಕೇಡು, ಚಿತ್ರಕ್ಕೂ ಕೇಡು. ತಿದ್ದಿದವರ ಊಹೆಯೇ ಮುಂದಿನವರಿಗೆ ಚಿತ್ರವಾಗಿಬಿಡುತ್ತದೆ. ಮಾಸಿದ ಕೆಂಪು ಬಣ್ಣ ಓದಲು ಡಿಸ್ಟ್ರೆಚ್ ಎಂಬ ತಂತ್ರಾಂಶ ಇದೆ, ಫೋಟೊದಲ್ಲೇ ಬಣ್ಣದ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ. ಬಂಡೆ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಗೂಳಿಯನ್ನೇ ಗಮನಿಸಿ. ದೇಹ ಪಕ್ಕದಿಂದ ಕಂಡಂತೆ ಇರುತ್ತದೆ, ಕೊಂಬು ಮಾತ್ರ ಎದುರಿನಿಂದ ಅಥವಾ ಮೇಲಿನಿಂದ ಕಂಡಂತೆ ಎರಡೂ ಕಡೆಗೆ ಚಾಚಿರುತ್ತದೆ. ಇಣಿ ಉಬ್ಬಿರುತ್ತದೆ. ಕಾಲಡಿಯಲ್ಲಿ ನೆಲದ ಗೆರೆ ಇರುವುದಿಲ್ಲ. ಒಂದರ ಮೇಲೊಂದು ಚಿತ್ರ ಏರಿಕೊಂಡಿರುವುದೂ ಉಂಟು. ಕೊಂಬನ್ನು 'ಸರಿ' ಮಾಡಲು, ಕೆಳಗೆ ಹುಲ್ಲು ಬರೆಯಲು ಕೈ ತುರಿಸಿದರೆ ತಡೆದುಕೊಳ್ಳಿ.

ಇನ್ನೊಂದು ಸೂಕ್ಷ್ಮ ಇದೆ. ಕುಟ್ಟಿದ ಜಾಗ ಮೊದಲು ಬೆಳ್ಳಗೆ ಕಾಣುತ್ತದೆ, ಸಾವಿರಾರು ವರ್ಷ ಗಾಳಿ ಮಳೆಗೆ ಸಿಕ್ಕು ಮತ್ತೆ ಕಪ್ಪಾಗುತ್ತ ಬರುತ್ತದೆ. ಹಾಗಾಗಿ ಒಂದೇ ಬಂಡೆಯಲ್ಲಿ ತೀರ ಬೆಳ್ಳಗಿರುವುದು ಸಾಮಾನ್ಯವಾಗಿ ಈಚಿನದು, ಬಂಡೆಯ ಬಣ್ಣಕ್ಕೆ ಹತ್ತಿರವಾದದ್ದು ಹಳೆಯದು. ಅಚ್ಚ ಕಪ್ಪಿನ ಮೇಲೆ ಹಾಲುಬಿಳಿ ಗೂಳಿ ಮಾಡಿದರೆ ಅದು ನಿನ್ನೆ ಕುಟ್ಟಿದ ಹಾಗೆ ಕಾಣುವುದು ಇದಕ್ಕೇ. ಕಪ್ಪಿಗೆ ಕಂದು ಬೆರೆಸಿ, ಬಿಳಿಯನ್ನು ಬೂದಿಗೆ ಇಳಿಸಿ.

ನಾರು

ಇಲ್ಲಿ ಸುಲಭಕ್ಕೆ ಸಿಗುವುದು ಬಾಳೆ. ಗೊನೆ ಕಡಿದ ಮೇಲೆ ಉಳಿಯುವ ದಿಂಡಿನ ಹೊರಪಟ್ಟೆಗಳನ್ನು ಬಳಸಬೇಕು. ನಡುವಿನ ಬಿಳಿ ದಿಂಡು ಪಲ್ಯಕ್ಕೆ ಸರಿ, ಕಾಗದಕ್ಕಲ್ಲ. ಹಸಿ ಪಟ್ಟೆಯಲ್ಲಿ ನೀರೇ ಹೆಚ್ಚು. 10 ಕಿಲೋ ಪಟ್ಟೆಯನ್ನು ಹಲಗೆಯ ಮೇಲಿಟ್ಟು ಮೊಂಡು ಚಾಕುವಿನಿಂದ ಕೆರೆದರೆ ಕೊನೆಗೆ ಸಿಗುವ ಒಣ ನಾರು 100–150 ಗ್ರಾಂ. ಬಾಳೆಯ ಹಾಲು ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಹಳೇ ಬಟ್ಟೆ ಉಟ್ಟು ಕೂರಿ. ರೇಷ್ಮೆ ಬೆಳೆಯುವ ಕಡೆಯಾದರೆ ಹಿಪ್ಪುನೇರಳೆ ಕಡ್ಡಿಯ ತೊಗಟೆ ಬಾಳೆಗಿಂತ ಚೆನ್ನ. ಹೊರಗಿನ ಕಂದು ಸಿಪ್ಪೆ ಕೆರೆದು ಒಳಗಿನ ಹಸಿರು–ಬಿಳಿ ನಾರನ್ನು ಮಾತ್ರ ಇಟ್ಟುಕೊಳ್ಳಬೇಕು. ತೆಳ್ಳಗಿದ್ದೂ ಹರಿಯದ ಹಾಳೆ ಬರುತ್ತದೆ.

ತೆಂಗಿನ ನಾರು, ಅಡಿಕೆ ಹಾಳೆ ಕೈಬಿಡಿ. ಅವುಗಳಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚು, ಮನೆಯ ಸೋಡಾಕ್ಕೆ ಬಗ್ಗುವುದಿಲ್ಲ. ಭತ್ತದ ಹುಲ್ಲಿನ ನಾರು ಗಿಡ್ಡ, ಅದೊಂದರಿಂದಲೇ ಮಾಡಿದ ಹಾಳೆ ಬಿಸ್ಕತ್ತಿನಂತೆ ಮುರಿಯುತ್ತದೆ. ಕಾಫಿ ಸಿಪ್ಪೆಯ ಬಗ್ಗೆ ಎಲ್ಲರಿಗೂ ಆಸೆ. ಅದು ನಾರಲ್ಲ, ಚುಕ್ಕೆ ಅಷ್ಟೇ. ಒಣ ತಿರುಳಿನ ತೂಕದ ನೂರಕ್ಕೆ 5ರಷ್ಟು ಹಾಕಿದರೆ ಕಲ್ಲಿನ ಕಣದಂತೆ ಚಂದ ಕಾಣುತ್ತದೆ. ಹೆಚ್ಚಾದರೆ ಹಾಳೆ ಪುಡಿಪುಡಿ, ಜೊತೆಗೆ ಕಂದು ನೀರು ಬಿಟ್ಟು ಪಕ್ಕದ ಬಣ್ಣವನ್ನೂ ಕೆಡಿಸುತ್ತದೆ. ಮೊದಲೇ ಎರಡು ಸಲ ಕುದಿಸಿ ನೀರು ಚೆಲ್ಲಿ ಬಳಸಿ.

ಬಾಳೆಯ ಜೊತೆಗೆ ಬೇಕಾದ್ದು ಹತ್ತಿ ಅಥವಾ ಹಳೇ ಬಿಳಿ ಕಾಗದ. ಟೈಲರ್ ಅಂಗಡಿಯ ಚೂರು ತರುವುದಾದರೆ ಒಂದೊಂದನ್ನೂ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆಯಲ್ಲಿ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಣಿಯಾಗುವುದು ಬೇಡ, ಅದು ನೀರಿನಲ್ಲಿ ನಾರಿಗೆ ಹಿಡಿದುಕೊಳ್ಳುವುದಿಲ್ಲ. ಬಟ್ಟೆಯನ್ನು ಒಂದು ಸೆಂ.ಮೀ.ಗಿಂತ ಚಿಕ್ಕದಾಗಿ ಕತ್ತರಿಸದೆ ಮಿಕ್ಸಿಗೆ ಹಾಕಿದರೆ ದಾರ ಬ್ಲೇಡಿನ ದಂಡಕ್ಕೆ ಸುತ್ತಿಕೊಂಡು ಮೋಟಾರು ಸುಟ್ಟೀತು. ಜೆರಾಕ್ಸ್ ಹಾಳೆಯಾದರೆ ಎ4 ಅಳತೆಯ 80 ಜಿಎಸ್ಎಮ್ (ಚದರ ಮೀಟರಿಗೆ 80 ಗ್ರಾಂ) ಹಾಳೆಯೊಂದು ಸುಮಾರು 5 ಗ್ರಾಂ ತೂಗುತ್ತದೆ. ಹತ್ತು ಹಾಳೆಗೆ 50 ಗ್ರಾಂ ಎಂದು ಲೆಕ್ಕ ಹಿಡಿಯಿರಿ. ದಿನಪತ್ರಿಕೆ ಬೇಡವೇ ಬೇಡ. ಅದರಲ್ಲಿ ಲಿಗ್ನಿನ್ ಹಾಗೇ ಉಳಿದಿರುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ.

ಬೇಯಿಸುವುದು, ಜಜ್ಜುವುದು

100 ಗ್ರಾಂ ಒಣ ಬಾಳೆನಾರನ್ನು 1 ಸೆಂ.ಮೀ. ತುಂಡುಗಳಾಗಿ ಕತ್ತರಿಸಿ ರಾತ್ರಿಯಿಡೀ ನೆನೆಸಿ. ಮರುದಿನ 3 ಲೀಟರ್ ನೀರಿಗೆ 20 ಗ್ರಾಂ ವಾಷಿಂಗ್ ಸೋಡಾ ಹಾಕಿ ಎರಡರಿಂದ ಮೂರು ಗಂಟೆ ಸಣ್ಣ ಕುದಿಯಲ್ಲಿ ಬೇಯಿಸಿ. ಸೋಡಾ ಎಂದರೆ ಯಾವ ಸೋಡಾ ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ನೀರಿಲ್ಲದ ಪುಡಿಯಾದರೆ 20 ಗ್ರಾಂ ಸರಿ. ಗಾಜಿನಂತೆ ಹೊಳೆಯುವ ಹರಳು ಸೋಡಾ ಆದರೆ ಅದರ ತೂಕದಲ್ಲಿ ನೂರಕ್ಕೆ 63 ಪಾಲು ನೀರೇ ಇರುತ್ತದೆ, ಹಾಗಾಗಿ 54 ಗ್ರಾಂ ಬೇಕು. ಅಡುಗೆ ಸೋಡಾ ಬೇರೆಯೇ ವಸ್ತು, ಅದರ ಕಸುವು ಇದಕ್ಕೆ ಸಾಲದು.

ಪಾತ್ರೆ ಸ್ಟೀಲಿನದೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ; ಪಾತ್ರೆ ತೂತು ಬೀಳುವುದಲ್ಲದೆ ಹೈಡ್ರೋಜನ್ ಅನಿಲವೂ ಹೊರಡುತ್ತದೆ, ಪಕ್ಕದಲ್ಲೇ ಒಲೆ ಉರಿಯುತ್ತಿರುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಹಿತ್ತಲ ಒಲೆಯಲ್ಲಿ ಬೇಯಿಸಿ. ವಾಸನೆ ಒಳ್ಳೆಯದಲ್ಲ.

ಬೆಂದಿತೇ ಎಂದು ನೋಡಲು ಒಂದೆಳೆ ತೆಗೆದು ಎರಡೂ ಕೈಯಲ್ಲಿ ಎಳೆಯಿರಿ. ಮೆತ್ತಗೆ ಬಿಟ್ಟುಕೊಂಡು ನವಿರು ಎಳೆಗಳಾಗಿ ಸೀಳಿದರೆ ಆಯಿತು. ದಾರದಂತೆ ಪಟ್ಟನೆ ತುಂಡಾದರೆ ಇನ್ನೂ ಅರ್ಧ ಗಂಟೆ ಬೇಕು. ಆಮೇಲೆ ಬಟ್ಟೆಯಲ್ಲಿ ಕಟ್ಟಿ, ನೀರು ತಿಳಿಯಾಗುವವರೆಗೆ, ಜಾರುವ ಗುಣ ಹೋಗುವವರೆಗೆ ತೊಳೆಯಿರಿ. ಹುಳಿ–ಕ್ಷಾರ ಅಳೆಯುವ ಪಿಎಚ್ ಪಟ್ಟಿ ಇದ್ದರೆ 7ಕ್ಕೆ ಬರಬೇಕು. ಸೋಡಾ ಉಳಿದ ಹಾಳೆ ವರ್ಷದೊಳಗೆ ಕಂದಾಗುತ್ತದೆ. ಬೇಯಿಸಿದ ಕಪ್ಪುನೀರನ್ನು ಗಿಡದ ಬುಡಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬೇಡಿ. ಹತ್ತು ಪಾಲು ನೀರು ಬೆರೆಸಿ ಬಚ್ಚಲಿಗೆ ಬಿಡಿ. ತಿರುಳನ್ನು ಮಾತ್ರ ಬಚ್ಚಲಿಗೆ ಬಿಡಬೇಡಿ, ಪೈಪಿನೊಳಗೆ ಅದು ಕಾಗದವಾಗಿಯೇ ಕೂರುತ್ತದೆ.

ನೀರಿನ ವಿಚಾರದಲ್ಲಿ ಈ ಎರಡು ಜಿಲ್ಲೆಗಳ ಒಂದೊಂದು ಬದಿ ಒಂದೊಂದು ಥರ. ಮೂಡಿಗೆರೆ, ಸಕಲೇಶಪುರದ ಕಡೆಯ ಹರಿವ ನೀರು ಮೆದು. ಅರಸೀಕೆರೆ, ಕಡೂರು ಕಡೆ ಕೊಳವೆಬಾವಿಯ ಗಡಸು ನೀರಿನಲ್ಲಿ ಕಬ್ಬಿಣದ ಅಂಶವೂ ಇದ್ದರೆ ಒಣಗಿದ ಹಾಳೆಯ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತೆರೆದಿಟ್ಟು, ಬೆಳಿಗ್ಗೆ ತಳ ಕದಡದೆ ಬಟ್ಟೆಯಲ್ಲಿ ಸೋಸಿದರೆ ಬಹುಪಾಲು ಹೋಗುತ್ತದೆ. ಕೊನೆಯ ಎರಡು ತೊಳೆತಕ್ಕಾದರೂ ಮಳೆನೀರು ಬಳಸಿದರೆ ಮೇಲು.

ಈಗ ಜಜ್ಜುವುದು. ಒಗೆಯುವ ಕಲ್ಲಿನ ಮೇಲೆ ಹಿಡಿಹಿಡಿಯಾಗಿ ಇಟ್ಟು ಮರದ ಕೊಡತಿಯಿಂದ 30–45 ನಿಮಿಷ. ಮಿಕ್ಸಿ ನಾರನ್ನು ಕತ್ತರಿಸುತ್ತದೆ, ಕೊಡತಿ ನಾರಿನ ಮೈಯನ್ನು ಬಿಡಿಸುತ್ತದೆ. ಹಾಗೆ ಬಿಡಿಸಿದ ಎಳೆಗಳೇ ಒಂದಕ್ಕೊಂದು ಹೆಣೆದು, ಒಣಗುವಾಗ ಅಂಟಿಕೊಂಡು ಹಾಳೆಯಾಗುವುದು. ಆದರೆ ಜಜ್ಜಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಜಜ್ಜಿದಷ್ಟೂ ನಾರು ನೀರು ಕುಡಿಯುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಅತಿ ಜಜ್ಜಿದ ಬಾಳೆಯ ಹಾಳೆ ಹಪ್ಪಳದಂತೆ ಸೊಟ್ಟಗಾಗಿ ಗರಗರ ಎನ್ನುತ್ತದೆ. ತೆಳು ಹಾಳೆಗೆ ಪೂರ್ತಿ ಜಜ್ಜಿ, ಅಚ್ಚಿನ ಕೆಲಸಕ್ಕೆ ಅರ್ಧಕ್ಕೇ ನಿಲ್ಲಿಸಿ. ಕೊನೆಗೆ ಮಿಕ್ಸಿಯಲ್ಲಿ ಲೀಟರ್ ನೀರಿಗೆ 10 ಗ್ರಾಂ ಒಣ ತೂಕ ಮೀರದಂತೆ ಹಾಕಿ, ಬಿಟ್ಟು ಬಿಟ್ಟು ನಾಲ್ಕೈದು ಸುತ್ತು ತಿರುಗಿಸಿ. ಗಾಜಿನ ಬಾಟಲಿಯಲ್ಲಿ ಒಂದು ಚಿಟಿಕೆ ತಿರುಳು, ಮುಕ್ಕಾಲು ನೀರು ಹಾಕಿ ಕುಲುಕಿ ಬೆಳಕಿಗೆ ಹಿಡಿದರೆ ಮೋಡದಂತೆ ಸಮನಾಗಿ ತೇಲಬೇಕು. ಗಂಟು ಕಂಡರೆ ಹಾಳೆಯಲ್ಲೂ ಗಂಟೇ.

100 ಗ್ರಾಂ ನಾರು ಇಷ್ಟೆಲ್ಲ ಆಗಿ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕುವಾಗ ಇದು ನೆನಪಿರಲಿ.

ಬಣ್ಣ

ಬಂಡೆಯ ಕೆಂಪು ಎಂದರೆ ಕಬ್ಬಿಣದ ಆಕ್ಸೈಡ್, ಹೆಮಟೈಟ್. ಸಾವಿರಾರು ವರ್ಷ ಬಿಸಿಲಿಗೆ ಮಾಸದೆ ನಿಂತಿರುವುದಕ್ಕೆ ಅದೇ ಕಾರಣ. ಗಿಡದ ಬಣ್ಣವಾಗಿದ್ದರೆ ಎಂದೋ ಹೋಗುತ್ತಿತ್ತು. ನಮ್ಮ ಜಾಜು, ಕಾವಿ, ಕೆಮ್ಮಣ್ಣು ಎಲ್ಲವೂ ಇದೇ ಕುಲ. ಕೆಮ್ಮಣ್ಣುಗುಂಡಿಯ ಹೆಸರೇ ಮಣ್ಣಿನಿಂದ ಬಂದದ್ದು, ಆದರೆ ಅರಣ್ಯದೊಳಗಿಂದ ಅಗೆದು ತರಬೇಡಿ. ಗ್ರಂಥಿಗೆ ಅಂಗಡಿಯ ಕಾವಿ ಸಾಕು, ಇಲ್ಲವೇ ಸ್ವಂತ ಹೊಲದ ಮಣ್ಣು. ಹಳದಿ ಮಣ್ಣು ಸಿಕ್ಕರೆ ಅದೂ ಒಳ್ಳೆಯದೇ. ಅದರೊಳಗಿನ ಗೋಥೈಟ್‌ನಲ್ಲಿ ನೀರಿನ ಅಂಶ ಸೇರಿರುತ್ತದೆ. ಕಬ್ಬಿಣದ ಹೆಂಚಿನ ಮೇಲೆ ಚೆನ್ನಾಗಿ ಹುರಿದರೆ ನೀರು ಹೋಗಿ ಅದೇ ಮಣ್ಣು ಕೆಂಪಾಗುತ್ತದೆ. ಅರ್ಧ ಹುರಿದರೆ ಕಿತ್ತಳೆ. ಒಂದೇ ಮಣ್ಣಿನಿಂದ ಮೂರು ಛಾಯೆ ಸಿಕ್ಕಂತಾಯಿತು.

ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿ, ಒಂದು ನಿಮಿಷ ಬಿಟ್ಟು ಮೇಲಿನ ಕೆಂಪುನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ. ಮರಳು ಮೊದಲ ಬಕೆಟ್ಟಿನಲ್ಲೇ ಉಳಿಯುತ್ತದೆ. ಹೀಗೆ ಮೂರು ಸಲ ಮಾಡಿ, ಕೊನೆಯ ನೀರನ್ನು ಒಂದು ದಿನ ಬಿಟ್ಟರೆ ತಳದಲ್ಲಿ ನುಣುಪು ಬಣ್ಣ ಕೂರುತ್ತದೆ. ಕಪ್ಪಿಗೆ ಇದ್ದಿಲ ಪುಡಿ, ಬಿಳಿಗೆ ಶೇಡಿ ಮಣ್ಣು.

ತಿರುಳಿಗೆ ಬೆರೆಸುವ ಬಣ್ಣ ಒಣ ತಿರುಳಿನ ತೂಕದ ನೂರಕ್ಕೆ 10ರ ಸುತ್ತ ಇರಲಿ. ಮಣ್ಣು ನೀರಿನಲ್ಲಿ ಕರಗುವುದಿಲ್ಲ, ನಾರಿನ ಸಂದಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ ಅಷ್ಟೆ. ಸಂದಿ ತುಂಬಿದ ಮೇಲೆ ಹಾಕಿದ್ದೆಲ್ಲ ಒಣಗಿದ ಮೇಲೆ ಬೆರಳಿಗೆ ಬರುತ್ತದೆ. ಬಣ್ಣ ಕಚ್ಚಲಿ ಎಂದು ಪಟಿಕ ಹಾಕುವ ರೂಢಿ ಇದೆ. ಪಟಿಕ ಹುಳಿ, ಕಾಲ ಕಳೆದಂತೆ ಕಾಗದವನ್ನು ಪೆಡಸು ಮಾಡುತ್ತದೆ. ಅದರ ಬದಲು ಹುಣಸೆ ಬೀಜದ ಸರಿ, ಅಂದರೆ ಅಂಟುಗಂಜಿ, ಬಳಸಿ.

ಈ ಸರಿಯ ಕಥೆ ಚಿಕ್ಕಮಗಳೂರು ಜಿಲ್ಲೆಯೊಳಗೇ ಇದೆ. ಶೃಂಗೇರಿ ಮಠದ ಹಳೆಯ ದಾಖಲೆಗಳು ಕಡತಗಳಲ್ಲಿವೆ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದ ಕಲ್ಲಿನ ಕಡ್ಡಿಯಿಂದ ಬರೆಯುತ್ತಿದ್ದರು. ಕಪ್ಪು ನೆಲ, ಬಿಳಿ ಗೆರೆ. ಕುಟ್ಟುಚಿತ್ರದ ನೋಟವೂ ಅದೇ ಅಲ್ಲವೇ? ಮಕ್ಕಳಿಗೆ ಕಲಿಸುವವರು ತಿರುಳು ಗಿರುಳು ಎಂದು ಹೋಗದೆ, ದಪ್ಪ ಕೈಕಾಗದಕ್ಕೆ ಕಡತದ ಲೇಪ ಕೊಟ್ಟು ಬಳಪದಿಂದ ಚುಕ್ಕೆ ಚುಕ್ಕೆಯಾಗಿ ಗೂಳಿ ತುಂಬಿಸಿದರೂ ಅರ್ಧ ಪಾಠ ಆದಂತೆ.

ಸರಿ ಮಾಡಲು ಬೀಜ ಹುರಿದು ಸಿಪ್ಪೆ ತೆಗೆದು ರಾತ್ರಿ ನೆನೆಸಿ ನುಣ್ಣಗೆ ರುಬ್ಬಿ. 20 ಗ್ರಾಂ ಬೀಜದ ಬೇಳೆಗೆ 1 ಲೀಟರ್ ನೀರು, ಗಂಜಿಯಂತೆ ಮಂದವಾಗುವವರೆಗೆ ಕುದಿಸಿ ಬಟ್ಟೆಯಲ್ಲಿ ಸೋಸಿ. ಎರಡು ದಿನದೊಳಗೆ ಮುಗಿಸಬೇಕು, ಹಳಸಿದರೆ ಹಾಳೆಗೂ ಬೂಷ್ಟು ತರುತ್ತದೆ.

ಕುಟ್ಟುಚಿತ್ರಕ್ಕೆ: ಎರಡು ಪದರ, ನೀರಿನ ಹನಿ

30×40 ಸೆಂ.ಮೀ. ಹಾಳೆಗೆ ಕೆಳಪದರ 24 ಗ್ರಾಂ ಒಣ ತೂಕದ ತಿಳಿಬೂದಿ ತಿರುಳು, ಮೇಲ್ಪದರ 6 ಗ್ರಾಂ ಕರಿಗಂದು ತಿರುಳು. ಅಂದರೆ ಚದರ ಮೀಟರಿಗೆ 200 ಮತ್ತು 50 ಗ್ರಾಂ. ಇಷ್ಟು ಕರಾರುವಾಕ್ಕಾಗಿ ಬೇಕೆಂದರೆ ತೊಟ್ಟಿಯಲ್ಲಿ ಅದ್ದಿ ಎತ್ತುವ ಬದಲು ಸುರಿಯುವ ಚೌಕಟ್ಟು ಬಳಸಿ. ಸೊಳ್ಳೆಪರದೆಯ ನೈಲಾನ್ ಜಾಲರಿ ಬಿಗಿದ ಮರದ ಚೌಕಟ್ಟಿನ ಮೇಲೆ 10 ಸೆಂ.ಮೀ. ಎತ್ತರದ ಇನ್ನೊಂದು ಚೌಕಟ್ಟು ಕೂರಿಸಿ, ಎರಡನ್ನೂ ಕ್ಲಿಪ್ ಹಾಕಿ ನೀರಿನ ಟಬ್ಬಿನಲ್ಲಿ ಅರ್ಧ ಮುಳುಗಿಸಿ. ಅಳೆದ ತಿರುಳನ್ನು ಒಳಗೆ ಸುರಿದು, ಬೆರಳಲ್ಲಿ ಕಲಕಿ ಸಮ ಮಾಡಿ, ನೇರ ಮೇಲಕ್ಕೆ ಎತ್ತಿ.

ಕೆಳಪದರವನ್ನು ಒದ್ದೆ ಹತ್ತಿಬಟ್ಟೆಯ ಮೇಲೆ ಮಗುಚಿಡಿ. ಅದರ ನೆಲ ಬರಿ ಬೂದಿಯಾಗಿರಬೇಕೆಂದೇನಿಲ್ಲ. ಗೊರೂರು ಸುತ್ತಿನ ನೈಸ್ ಶಿಲೆ 300 ಕೋಟಿ ವರ್ಷಕ್ಕೂ ಹಳೆಯದು, ತಿಳಿ–ಗಾಢ ಪಟ್ಟೆಗಳಾಗಿ ಬಳುಕಿರುತ್ತದೆ. ಎರಡು ಛಾಯೆಯ ತಿರುಳನ್ನು ಲೋಟದಿಂದ ಚೌಕಟ್ಟಿನೊಳಗೆ ಪಕ್ಕಪಕ್ಕ ಸುರಿದು ಬೆರಳಲ್ಲಿ ಒಮ್ಮೆ ಮಾತ್ರ ಎಳೆದರೆ ಆ ಪಟ್ಟೆ ಬರುತ್ತದೆ. ಎರಡನೇ ಸಲ ಎಳೆದರೆ ಬೆರೆತು ಕೆಸರಾಗುತ್ತದೆ.

ಕಪ್ಪು ಪದರವನ್ನು ಎತ್ತಿದ ಕೂಡಲೇ, ಅದು ಇನ್ನೂ ಜಾಲರಿಯ ಮೇಲೆಯೇ ಇರುವಾಗ, ಸೂಜಿ ತೆಗೆದ ಸಿರಿಂಜಿನಿಂದ ನೀರಿನ ಹನಿ ಬಿಡಿ. ಹನಿ ಬಿದ್ದಲ್ಲಿ ನಾರು ಸರಿದು ತೂತಾಗುತ್ತದೆ. ಎತ್ತರದಿಂದ ಬಿಟ್ಟಷ್ಟೂ ತೂತು ದೊಡ್ಡದು. ಒಂದೊಂದು ಹನಿಯೂ ಕಲ್ಲಿನ ಒಂದೊಂದು ಪೆಟ್ಟಿನಂತೆ. ಗೂಳಿಯ ಮೈ ಹೀಗೆ ಹನಿಹನಿಯಾಗಿ ತುಂಬಬೇಕು, ಅಂಚು ತುಸು ಚದುರಿರಬೇಕು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಇಟ್ಟು ಮಾಡಿದರೆ ಅಂಚು ಕತ್ತಿಯಂತೆ ಬಂದು ಪೆಟ್ಟಿನ ಗುಣ ಹೋಗುತ್ತದೆ. ಆಕಾರ ತಪ್ಪಬಾರದೆಂದರೆ ಚೌಕಟ್ಟಿಗೆ 5 ಸೆಂ.ಮೀ. ಅಂತರದಲ್ಲಿ ದಾರ ಕಟ್ಟಿ, ಮೂಲಚಿತ್ರದ ಫೋಟೊದ ಮೇಲೂ ಅದೇ ಮನೆಗಳನ್ನು ಎಳೆದು ನೋಡಿಕೊಂಡು ಹಾಕಿ. ದಾರ ಚೌಕಟ್ಟಿನ ಮೇಲಂಚಿನಲ್ಲಿರಲಿ, ತಿರುಳಿಗೆ ತಾಗದಿರಲಿ.

ಇಲ್ಲಿ ಸಮಯವೇ ಎಲ್ಲ. ಪದರದ ಮೈ ಹೊಳೆಯುತ್ತಿರುವವರೆಗೆ ಮಾತ್ರ ನಾರು ಸರಿಯುತ್ತದೆ. ಹೊಳಪು ಹೋದ ಮೇಲೆ ಹನಿ ಬರಿ ಗುಳಿ ಮಾಡುತ್ತದೆ, ತೂತು ಬೀಳುವುದಿಲ್ಲ. ಆಗ ಹಿಂದಿನಿಂದ ಮತ್ತೆ ನೀರಿಗೆ ಇಳಿಸಿ ಮೊದಲಿನಿಂದ ಶುರು ಮಾಡಿ, ನಷ್ಟವೇನಿಲ್ಲ. ಎಲ್ಲ ಆದ ಮೇಲೆ ಜಾಲರಿಯನ್ನು ಕೆಳಪದರದ ಮೇಲೆ ಬೋರಲು ಹಾಕಿ, ಹಿಂದಿನಿಂದ ಸ್ಪಂಜಿನಿಂದ ಒತ್ತಿ, ಒಂದು ಅಂಚಿನಿಂದ ಎತ್ತಿ. ಬೋರಲು ಹಾಕುವಾಗ ಎಡ ಬಲವಾಗುತ್ತದೆ. ಗೂಳಿ ಬಲಕ್ಕೆ ನೋಡಬೇಕೆಂದರೆ ಜಾಲರಿಯ ಮೇಲೆ ಎಡಕ್ಕೆ ನೋಡಬೇಕು.

ಆಮೇಲೆ ಎರಡೂ ಕಡೆ ಬಟ್ಟೆ, ಎರಡು ಪ್ಲೈವುಡ್ ಹಲಗೆಯ ನಡುವೆ ಇಟ್ಟು, ಮೊದಲ ಹತ್ತು ನಿಮಿಷ ಹಗುರ ಭಾರ, ಆಮೇಲೆ ಕಲ್ಲು ಹೇರಿ ರಾತ್ರಿಯಿಡೀ ಬಿಡಿ. ಮೊದಲೇ ಭಾರ ಹೇರಿದರೆ ನೀರು ಪಕ್ಕಕ್ಕೆ ನುಗ್ಗಿ ಕಪ್ಪು ಪದರವನ್ನು ಎಳೆದೊಯ್ಯುತ್ತದೆ. ಗೂಳಿಗೆ ಬಾಲ ಎರಡಾಗುವುದು ಆಗಲೇ.

ಗೀರುಚಿತ್ರಕ್ಕೆ: ಅಚ್ಚು

ಕಾಗದದಲ್ಲಿ ತಗ್ಗಾದ ಗೆರೆ ಬೇಕೆಂದರೆ ಅಚ್ಚಿನಲ್ಲಿ ಉಬ್ಬಾದ ಗೆರೆ ಬೇಕು, ಎಡಬಲವೂ ತಿರುಗಿರಬೇಕು. ಇದನ್ನು ತಲೆಯಲ್ಲಿ ಇಟ್ಟುಕೊಂಡು ನೇರ ಉಬ್ಬು ಮಾಡಹೋದವರು ಸಾಮಾನ್ಯವಾಗಿ ಒಂದನ್ನು ಸರಿ ಮಾಡಿ ಇನ್ನೊಂದನ್ನು ಮರೆಯುತ್ತಾರೆ. ಅದಕ್ಕೆ ಎರಡು ಹಂತ ಮಾಡಿ. ಮೊದಲು ಕುಂಬಾರರ ಜೇಡಿಮಣ್ಣಿನ 25×30 ಸೆಂ.ಮೀ. ಹಲಗೆಯಲ್ಲಿ ಬಂಡೆಯ ಮೇಲೆ ಕಂಡಂತೆಯೇ ಗೀರಿ. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದರೆ ಗೀರು ಉಬ್ಬಾಗಿ, ತಿರುಗಿ ಬರುತ್ತದೆ. ಅದರ ಮೇಲೆ ತಿರುಳು ಒತ್ತಿದರೆ ಮತ್ತೆ ತಗ್ಗಾಗಿ, ಸರಿಯಾಗಿ ಬರುತ್ತದೆ. ಜೇಡಿ ಹಸಿಯಿರುವಾಗಲೇ ಹಿತ್ತಲ ಒರಳುಕಲ್ಲನ್ನು ಅಲ್ಲಲ್ಲಿ ಒತ್ತಿದರೆ ಕಲ್ಲಿನ ತರಿಯೂ ಸೇರುತ್ತದೆ.

2 ಸೆಂ.ಮೀ. ದಪ್ಪದ ಅಚ್ಚಿಗೆ ಪ್ಲಾಸ್ಟರ್ 1.4 ಕಿಲೋ, ನೀರು 1 ಲೀಟರ್. ನೀರಿಗೆ ಪ್ಲಾಸ್ಟರ್ ಉದುರಿಸಬೇಕು. ಪ್ಲಾಸ್ಟರಿಗೆ ನೀರು ಹಾಕಿದರೆ ಗಂಟು ತಪ್ಪದು. ಗುಳ್ಳೆ ಬಾರದಂತೆ ನಿಧಾನ ಕಲಸಿ ಹೊಯ್ಯಿರಿ. ಅರ್ಧ ಗಂಟೆಯಲ್ಲಿ ಗಟ್ಟಿಯಾದರೂ ಒಳಗೆ ಒಣಗಲು ವಾರ ಬೇಕು. ಆಮೇಲೆ ಅರಗಿನ ಪಾಲಿಶ್ ಎರಡು ಸಲ, ಮೇಲೆ ವ್ಯಾಸಲಿನ್ ಸವರಿ ಬಟ್ಟೆಯಿಂದ ಪೂರ್ತಿ ಒರೆಸಿ. ಕೊಬ್ಬರಿ ಎಣ್ಣೆ ಸವರಿದರೆ ಕಾಗದದಲ್ಲಿ ಜಿಡ್ಡಿನ ಕಲೆ ಕೂರುತ್ತದೆ. ಗೀರಿನ ಗೋಡೆ ಇಳಿಜಾರಾಗಿರಲಿ, ಆಳ 3–4 ಮಿ.ಮೀ. ಮೀರದಿರಲಿ. ಒಳಕ್ಕೆ ಬಾಗಿದ ಗೋಡೆಯಾದರೆ ಒಣಗಿದ ಕಾಗದ ಅಚ್ಚನ್ನು ಬಿಡದೆ ಹರಿಯುತ್ತದೆ.

ತಿರುಳು 52 ಗ್ರಾಂ ಒಣ ತೂಕ ಬೇಕು, ಚದರ ಮೀಟರಿಗೆ 700 ಗ್ರಾಂ ಲೆಕ್ಕ. ಅದರಲ್ಲಿ ಮುಕ್ಕಾಲು ಪಾಲು ಹತ್ತಿ ಅಥವಾ ಬಿಳಿ ಕಾಗದ, ಕಾಲು ಪಾಲು ಅರ್ಧ ಜಜ್ಜಿದ ಬಾಳೆ. ಇದಕ್ಕೆ 4 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸೇರಿಸಿದರೆ ಕುಗ್ಗುವುದು ಕಡಿಮೆ, ಹುಳಿಯಿಂದ ರಕ್ಷಣೆಯೂ ಆಯಿತು. ಶಾಲೆಯ ಸೀಮೆಸುಣ್ಣದ ಕಡ್ಡಿ ಪುಡಿ ಮಾಡಬೇಡಿ, ಅದು ಸಾಮಾನ್ಯವಾಗಿ ಜಿಪ್ಸಂ.

ಅಚ್ಚಿಗೆ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಅದೇ ತಿರುಳಿನ 20 ಸೆಂ.ಮೀ. ಪಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತಿ ಒಣಗಿಸಿ ಅಳೆಯಿರಿ. 19.5 ಬಂದರೆ ಹೆದರಿಕೆಯಿಲ್ಲ. 19 ಅಥವಾ ಅದಕ್ಕೂ ಕಡಿಮೆಯಾದರೆ ಒಣಗುವಾಗ ಉಬ್ಬುಗೆರೆಗಳನ್ನು ಕಾಗದ ಬಿಗಿಯಾಗಿ ಅಪ್ಪಿಕೊಂಡು, ಗೆರೆಯ ನೆತ್ತಿಯ ಮೇಲೆಯೇ ಸೀಳುತ್ತದೆ. ಬಾಳೆಯ ಪಾಲು ಇಳಿಸಿ ಮತ್ತೆ ನೋಡಿ.

ಹಿಂಡಿದ ತಿರುಳನ್ನು ನಿಂಬೆಹಣ್ಣಿನಷ್ಟು ಉಂಡೆಗಳಾಗಿ ಅಲ್ಲ, ಚಿಟಿಕೆ ಚಿಟಿಕೆಯಾಗಿ ಒಂದರ ಮೇಲೊಂದು ಅಂಚು ಬರುವಂತೆ ಎರಡು ಪದರ ಹಾಕಿ. ಉಂಡೆ ಇಟ್ಟು ಹರಡಿದರೆ ಉಂಡೆ ಉಂಡೆ ಸೇರಿದ ಸಾಲಿನಲ್ಲೇ ಬಿರುಕು ಬಿಡುತ್ತದೆ. ಹಳೇ ಟೂತ್‌ಬ್ರಷ್ಷಿನಿಂದ ನೇರವಾಗಿ ಕುಟ್ಟಿ ಸಂದಿಗಳಿಗೆ ಇಳಿಸಿ. ಪಡಿಯಚ್ಚಿನವರ ಬ್ರಷ್ಷೂ ಇದೇ ಕೆಲಸ ಮಾಡುವುದು. ಆಮೇಲೆ ಬಟ್ಟೆ ಹಾಸಿ ಸ್ಪಂಜಿನಿಂದ ಒತ್ತಿ ಹಿಂಡಿ, ಒತ್ತಿ ಹಿಂಡಿ, ಸ್ಪಂಜು ಒಣಗಿಯೇ ಬರುವವರೆಗೆ. ಬೇಗ ಕೈಬಿಟ್ಟರೆ ಗೆರೆ ಮಬ್ಬಾಗುತ್ತದೆ.

ಬಣ್ಣದ ಚಿತ್ರಕ್ಕೆ ಹೆಚ್ಚು ಹೇಳುವುದಿಲ್ಲ. ಒಣ ತೂಕದಲ್ಲಿ 10 ಗ್ರಾಂ ನುಣ್ಣನೆಯ ತಿರುಳಿಗೆ 1 ಗ್ರಾಂ ಕಾವಿ, ಎರಡು ಚಮಚ ಹುಣಸೆ ಸರಿ ಬೆರೆಸಿ, ಮೂತಿಯ ಬಾಟಲಿಯಲ್ಲಿ ತುಂಬಿ, ಈಗಷ್ಟೇ ಮಗುಚಿದ ಒದ್ದೆ ಹಾಳೆಯ ಮೇಲೆ ಬರೆಯಿರಿ. ಒತ್ತಿದಾಗ ಅದು ಹಾಳೆಯೊಳಗೇ ಸೇರಿಹೋಗುತ್ತದೆ, ಮೇಲೆ ಬಳಿದಂತೆ ಕಾಣುವುದಿಲ್ಲ. ತಿರುಳಿನಲ್ಲಿ ಉದ್ದ ನಾರು ಇದ್ದರೆ ಮೂತಿ ಕಟ್ಟುತ್ತದೆ, ಇದಕ್ಕೆ ಬಾಳೆ ಬೇಡ.

ಒಣಗಿಸುವುದು, ಕಾಯುವುದು

ಬಿಸಿಲಿಗೆ ಇಡುವುದೇ ದೊಡ್ಡ ತಪ್ಪು. ಅಂಚು ಮೊದಲು ಒಣಗಿ ಮೇಲೇಳುತ್ತದೆ, ನಡು ಇನ್ನೂ ಒದ್ದೆ; ಆ ಎಳೆದಾಟದಲ್ಲೇ ಹಾಳೆ ಸೊಟ್ಟಗಾಗುತ್ತದೆ. ನೆರಳಲ್ಲಿ ಫ್ಯಾನಿನ ಕೆಳಗೆ, ಅಚ್ಚಿನ ಮೇಲೆಯೇ ಮೂರು ನಾಲ್ಕು ದಿನ ಬಿಡಿ. ಕೆನ್ನೆಗೆ ತಾಗಿಸಿದಾಗ ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

ಡಿಸೆಂಬರ್‌ನಿಂದ ಮಾರ್ಚ್ ಈ ಕೆಲಸಕ್ಕೆ ಹೇಳಿ ಮಾಡಿಸಿದ ಕಾಲ. ಸಕಲೇಶಪುರ, ಕೊಪ್ಪ, ಶೃಂಗೇರಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಹಾಳೆ ಒಣಗುವ ಮುಂಚೆ ಬೂಷ್ಟು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ನಾರು ಬೇಯಿಸಿ, ಜಜ್ಜಿ, ಹಿಂಡಿ, ವಡೆಯಂತೆ ತಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಬೇಕಾದಾಗ ನೆನೆಸಿದರೆ ಮತ್ತೆ ತಿರುಳು. ಒಮ್ಮೆ ಒಣಗಿದ ತಿರುಳಿನ ಹಿಡಿತ ತುಸು ಕಡಿಮೆ, ಆದರೆ ಕುಗ್ಗುವುದೂ ಕಡಿಮೆ. ಅಚ್ಚಿನ ಕೆಲಸಕ್ಕೆ ಅದು ಲಾಭವೇ.

ಫ್ರೇಮ್ ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ 5 ಮಿ.ಮೀ. ಅಂತರ ಬಿಡಿಸಿ. ಮಲೆನಾಡಿನ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ಚೂರು ಅಂಟಿಸಿದರೆ ಗಾಳಿ ಆಡುತ್ತದೆ. ಕಾವಿ ಬೆರಳಿಗೆ ಬರುತ್ತಿದ್ದರೆ ತೆಳು ಹುಣಸೆ ಸರಿಯನ್ನು ಸ್ಪ್ರೇ ಮಾಡಿ. ಬ್ರಷ್ಷಿನಲ್ಲಿ ಬಳಿದರೆ ಕೆಂಪು ಎಲ್ಲ ಕಡೆ ಹರಡುತ್ತದೆ. ಹುಣಸೆ ಸರಿ ಹುಳಕ್ಕೂ ಪ್ರೀತಿ, ಆದ್ದರಿಂದ ಹಗುರವಾಗಿ, ಒಮ್ಮೆ ಮಾತ್ರ.

ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ನಾಲ್ಕು ಸಾಲು ಬರೆದಿಡಿ: ಯಾವ ನಾರು ಎಷ್ಟು ಗ್ರಾಂ, ಯಾವ ಮಣ್ಣು, ಮಾಡಿದ ತಿಂಗಳು, ಮತ್ತು ಚಿತ್ರ ಯಾವ ಬಂಡೆಯದು. ಎರಡು ಊರಿನ ಗೂಳಿಗಳನ್ನು ಒಂದೇ ಹಾಳೆಯಲ್ಲಿ ಸೇರಿಸಿದ್ದರೆ ಅದನ್ನೂ ಬರೆಯಿರಿ. ಬಾಲ್‌ಪೆನ್ ಬೇಡ, ಅದರ ಎಣ್ಣೆ ಐದಾರು ವರ್ಷದಲ್ಲಿ ಮುಂದಿನ ಬದಿಗೆ ಇಣುಕುತ್ತದೆ.